ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಮನೆಯೊಳಗೆ ಬಳಸುವ ರಾಸಾಯನಿಕಗಳ ಬಗ್ಗೆ ಸಂದೇಹಗಳಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದಕ್ಕೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಸಾಕಷ್ಟು ಪತ್ರಗಳು ಬಂದಿವೆ. ಹಾಸನದಲ್ಲಿ ಬಹುಕಾಲ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನನಗೆ ಅವುಗಳನ್ನು ಓದುವಾಗ ಒಂದು ಸಂಗತಿ ಎದ್ದು ಕಂಡಿತು. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಕೇಳಿದವರೇ ಬಹಳ ಮಂದಿ. ಬಳಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಬೆರಳೆಣಿಕೆಯಷ್ಟು. ನಮ್ಮ ಕಡೆಯ ಬಹುಪಾಲು ಮನೆಗಳಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆಯ ಬುಡಕ್ಕೂ, ಒಲೆಯ ಬೂದಿ ತೊಂಡೆ ಚಪ್ಪರದ ಪಾತಿಗೂ, ಪಾಯಿಖಾನೆಯ ನೀರು ಬಾವಿಯಿಂದ ಅಷ್ಟೇನೂ ದೂರವಿಲ್ಲದ ಗುಂಡಿಗೂ ಹೋಗುವುದರಿಂದ, ಈ ಎರಡನೆಯ ಪ್ರಶ್ನೆಯನ್ನು ಮೊದಲು ಕೇಳಿಕೊಂಡರೆ ಮೊದಲನೆಯದಕ್ಕೆ ಅರ್ಧ ಉತ್ತರ ತಾನಾಗಿಯೇ ಸಿಗುತ್ತದೆ. ಆ ಕ್ರಮದಲ್ಲಿಯೇ ಉತ್ತರಿಸಲು ಯತ್ನಿಸಿದ್ದೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಬಚ್ಚಲ ಒಲೆ ಹೊತ್ತಿಸುವಾಗ ಹಾಲಿನ ಪ್ಯಾಕೆಟ್, ಗೊಬ್ಬರದ ಚೀಲದ ಚೂರು, ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ಹಾಕುತ್ತಾರೆ. ಅದೇ ಬೂದಿಯಿಂದ ಅತ್ತೆಯವರು ಪಾತ್ರೆ ತಿಕ್ಕುತ್ತಾರೆ, ಉಳಿದದ್ದನ್ನು ತರಕಾರಿ ಮಡಿಗೆ ಹಾಕುತ್ತಾರೆ. ಬೂದಿಯಷ್ಟು ಶುದ್ಧವಾದದ್ದು ಯಾವುದೂ ಇಲ್ಲ ಎನ್ನುತ್ತಾರೆ. ಇದು ಸರಿಯೇ ಮೇಡಂ? (ಮೂಡಿಗೆರೆ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ನಿಮ್ಮ ಅತ್ತೆಯವರ ಮಾತು ಅವರ ಅತ್ತೆಯವರ ಕಾಲದ ಬೂದಿಗೆ ಪೂರ್ಣವಾಗಿ ಸಲ್ಲುತ್ತದೆ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿರುತ್ತದೆ; ಒದ್ದೆಯಾದ ಬೂದಿ ಪಾತ್ರೆಯ ಜಿಡ್ಡಿನೊಡನೆ ಸೇರಿದಾಗ ಅಲ್ಲೇ ಅಷ್ಟಿಷ್ಟು ಸಾಬೂನೇ ತಯಾರಾಗುತ್ತದೆ. ತೆಂಗಿನ ನಾರಿನಿಂದ ಬೂದಿ ಹಚ್ಚಿ ತಿಕ್ಕಿದ ಪಾತ್ರೆ ಬೆರಳಿಗೆ ಕಿರುಗುಟ್ಟುವುದು ಇದೇ ಕಾರಣಕ್ಕೆ. ಆದರೆ ಈಗ ನಿಮ್ಮ ಒಲೆಯಲ್ಲಿ ಉಳಿಯುತ್ತಿರುವುದು ಆ ಬೂದಿಯಲ್ಲ. ಪ್ಲಾಸ್ಟಿಕ್ ಚೀಲದ ಮುದ್ರಣದ ಬಣ್ಣ, ಪೊಟ್ಟಣದ ಒಳಮೈಯ ಅಲ್ಯೂಮಿನಿಯಂ, ಅಪ್ಪಿತಪ್ಪಿ ಬಿದ್ದ ವಿದ್ಯುತ್ ತಂತಿಯ ತುಂಡು ಇವುಗಳಲ್ಲಿರುವ ಲೋಹಗಳು ಸುಟ್ಟು ಹೋಗುವುದಿಲ್ಲ, ಬೂದಿಯಲ್ಲಿಯೇ ಉಳಿದುಕೊಳ್ಳುತ್ತವೆ.

ಹೊಗೆಯ ಕಥೆ ಬೇರೆ. ಹಾಲಿನ ಪ್ಯಾಕೆಟ್ ಪಾಲಿಥೀನ್‌ನದು. ಅದರಲ್ಲಿ ಕ್ಲೋರಿನ್ ಇಲ್ಲ. ಆದರೂ ಬಚ್ಚಲ ಒಲೆಯ ಮಂದ ಉರಿಯಲ್ಲಿ ಅದು ಪೂರ್ತಿಯಾಗಿ ಉರಿಯದೆ ಮಸಿಯನ್ನೂ, ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಹಲವು ಸಂಯುಕ್ತಗಳನ್ನೂ ಬಿಡುತ್ತದೆ. ಪಿವಿಸಿ ಪೈಪಿನ ತುಂಡು, ರೆಕ್ಸಿನ್, ತಂತಿಯ ಹೊದಿಕೆ ಇವುಗಳಲ್ಲಿ ಕ್ಲೋರಿನ್ ಇರುವುದರಿಂದ ಅವು ಸುಟ್ಟಾಗ ಘೋರ ವಿಷಗಳಾದ ಡಯಾಕ್ಸಿನ್‌ಗಳು ಹುಟ್ಟುತ್ತವೆ. ತ್ಯಾಜ್ಯ ಸುಡುವ ದೊಡ್ಡ ಘಟಕಗಳಲ್ಲಿ ಇವು ಒಡೆಯಲೆಂದು 850 ಡಿಗ್ರಿಗಿಂತ ಹೆಚ್ಚಿನ ಶಾಖವನ್ನು ಬಿಡದೆ ಕಾಯ್ದುಕೊಳ್ಳುತ್ತಾರೆ. ಹಂಡೆಯ ಕೆಳಗಿನ ಉರಿಯಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಡಯಾಕ್ಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ, ವರ್ಷಗಟ್ಟಲೆ ಅಳಿಯುವುದಿಲ್ಲ. ಬೂದಿ ಸುರಿದ ಮಣ್ಣನ್ನು ಕೆದಕಿ ಮೇಯುವ ಕೋಳಿಗಳ ಮೊಟ್ಟೆಯ ಹಳದಿಯಲ್ಲಿ ಅದು ಸೇರಿಕೊಳ್ಳುತ್ತದೆ ಎಂಬುದು ಅನೇಕ ದೇಶಗಳಲ್ಲಿ ಪರೀಕ್ಷೆಯಿಂದ ಕಂಡುಬಂದ ಸಂಗತಿ. ನಾಟಿ ಕೋಳಿಯ ಮೊಟ್ಟೆ ಎಂದು ಹೆಚ್ಚು ಹಣ ಕೊಟ್ಟು ತರುವವರು ಆ ಕೋಳಿ ಯಾವ ಹಿತ್ತಲಿನಲ್ಲಿ ಮೇಯಿತು ಎಂದೂ ಕೇಳುವುದು ಒಳಿತು. ಬಯಲಿನಲ್ಲಿ ಕಸ ಸುಡುವುದಕ್ಕೆ 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 5000 ರೂಪಾಯಿ ದಂಡ ಗೊತ್ತುಮಾಡಿದೆ. ಒಲೆಯೊಳಗೆ ಸುಟ್ಟರೆ ದಂಡ ಹಾಕುವವರಿಲ್ಲ; ಹೊಗೆಗೆ ಮಾತ್ರ ಆ ಭೇದ ಗೊತ್ತಿಲ್ಲ.

ಮಲೆನಾಡಿನವರು ಒಲೆಗೆ ಪ್ಲಾಸ್ಟಿಕ್ ಹಾಕುವುದು ಅಜ್ಞಾನದಿಂದಲ್ಲ, ಜುಲೈ ತಿಂಗಳಿನಲ್ಲಿ ಸೌದೆ ಹತ್ತುವುದಿಲ್ಲ ಎಂಬ ಕಷ್ಟದಿಂದ. ಆದ್ದರಿಂದ ಪರಿಹಾರವೂ ಅಲ್ಲಿಂದಲೇ ಬರಬೇಕು. ಮೇ ತಿಂಗಳು ಮುಗಿಯುವುದರೊಳಗೆ ಒಣಗಿದ ತೆಂಗಿನ ಸೋಗೆ, ಕರಟ, ಅಡಿಕೆ ಸಿಪ್ಪೆ, ಕಾಫಿ ಗಿಡದ ರೆಂಬೆ ಸವರಿದಾಗ ಬಿದ್ದ ಬೆರಳು ಗಾತ್ರದ ಕಡ್ಡಿ ಇವನ್ನು ಒಂದೆರಡು ಚೀಲ ತುಂಬಿ ಅಟ್ಟಕ್ಕೆ ಏರಿಸಿಡಿ. ಒಂದು ಕರಟ, ಒಂದು ಹಿಡಿ ಅಡಿಕೆ ಸಿಪ್ಪೆ ಇದ್ದರೆ ಹಸಿ ಸೌದೆಯೂ ಹಿಡಿದುಕೊಳ್ಳುತ್ತದೆ. ಹಾಲಿನ ಪ್ಯಾಕೆಟ್ಟನ್ನು ಕತ್ತರಿಸುವಾಗ ಮೂಲೆಯ ತುಂಡು ಪೂರ್ತಿ ಬೇರೆಯಾಗದಂತೆ ಸ್ವಲ್ಪ ಅಂಟಿರಲು ಬಿಡಿ. ಬಿಡಿಯಾದ ಆ ಚೂರೇ ಎಲ್ಲೂ ಸಂಗ್ರಹವಾಗದೆ ಮಣ್ಣಿಗೆ ಸೇರುವಂಥದ್ದು. ಪ್ಯಾಕೆಟ್ಟನ್ನು ತೊಳೆದು ಬಳ್ಳಿಯ ಮೇಲೆ ಒಣಹಾಕಿ ಕೂಡಿಟ್ಟರೆ ಗುಜರಿಯವರು ಕೊಳ್ಳುತ್ತಾರೆ, ಇಲ್ಲವೇ ಪಂಚಾಯಿತಿಯ ಸ್ವಚ್ಛ ವಾಹಿನಿಗೆ ಕೊಡಬಹುದು. ಒಲೆಗೆ ಬರಿಯ ಸೌದೆ ಮಾತ್ರ ಬೀಳತೊಡಗಿದ ದಿನದಿಂದ ಅತ್ತೆಯವರ ಬೂದಿಗೆ ಹಳೆಯ ಮರ್ಯಾದೆ ವಾಪಸು ಬರುತ್ತದೆ. ಈವರೆಗಿನ ಬೂದಿಯನ್ನು ಮಾತ್ರ ಪಾತ್ರೆಗೂ ಬೇಡ, ಸೊಪ್ಪಿನ ಮಡಿಗೂ ಬೇಡ.

ಪ್ರಶ್ನೆ: ಪಾಯಿಖಾನೆಗೆ ಆಸಿಡ್, ಬಚ್ಚಲಿಗೆ ಬ್ಲೀಚಿಂಗ್ ಪುಡಿ, ನೆಲಕ್ಕೆ ಫಿನಾಯಿಲ್, ಅಡುಗೆ ಕಟ್ಟೆಗೆ ಬೇರೊಂದು ಸ್ಪ್ರೇ ಹೀಗೆ ತಿಂಗಳ ಸಾಮಾನಿನಲ್ಲಿ ಇವುಗಳದ್ದೇ ಒಂದು ಚೀಲವಾಗುತ್ತಿದೆ. ಇವುಗಳಲ್ಲಿ ನಿಜವಾಗಿ ಬೇಕಾದದ್ದು ಎಷ್ಟು? (ಹಾಸನ ನಗರದ ಗೃಹಿಣಿಯೊಬ್ಬರು)

ಉತ್ತರ: ಎಷ್ಟು ಬೇಕು ಎಂಬುದಕ್ಕಿಂತ ಮೊದಲು ಯಾವುದನ್ನು ಯಾವುದರ ಹತ್ತಿರ ಇಡಬಾರದು ಎಂಬುದನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಯ ಮೊದಲ ಎರಡು ವಸ್ತುಗಳು ಒಂದೇ ನೆಲದ ಮೇಲೆ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಪಾಯಿಖಾನೆ ತೊಳೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಹಾರ್ಡ್‌ವೇರ್ ಅಂಗಡಿಯ ಹಳದಿ ಆಸಿಡ್ ಕೂಡ ಅದೇ, ಇನ್ನಷ್ಟು ಗಟ್ಟಿ. ಬ್ಲೀಚಿಂಗ್ ಪುಡಿಯ ಮೇಲೆ ಅದು ಬಿದ್ದೊಡನೆ ಹಸಿರುಹಳದಿ ಬಣ್ಣದ ಘಾಟು ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಎಂಬಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟ ಅನಿಲ ಇದೇ.

ಇದನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ನಾನೇ ಒಂದು ಗೌರಿ ಹಬ್ಬದ ಹಿಂದಿನ ದಿನ ಮೋಸಹೋದೆ. ಕೆಲಸಕ್ಕೆ ಬರುವ ಹೆಂಗಸು ಬೆಳಿಗ್ಗೆ ಬಚ್ಚಲಿಗೆ ಬ್ಲೀಚಿಂಗ್ ಪುಡಿ ಉದುರಿಸಿ ಹೋಗಿದ್ದಳು; ಅದನ್ನು ನೋಡದೆ ಮೂಲೆಯ ಕಲೆಯ ಮೇಲೆ ಆಸಿಡ್ ಸುರಿದು ಕುಕ್ಕರುಗಾಲಿನಲ್ಲಿ ಕುಳಿತು ತಿಕ್ಕತೊಡಗಿದೆ. ಎರಡು ಉಸಿರಿಗೆ ಎದೆ ಕಟ್ಟಿತು, ಕಣ್ಣಿನಲ್ಲಿ ನೀರು ಧಾರೆಯಾಯಿತು. ಕ್ಲೋರಿನ್ ಗಾಳಿಗಿಂತ ಭಾರ, ಆದ್ದರಿಂದ ನೆಲದ ಮಟ್ಟದಲ್ಲಿಯೇ ನಿಲ್ಲುತ್ತದೆ. ಬಚ್ಚಲ ಕಿಂಡಿ ಇರುವುದು ಮಾಡಿನ ಹತ್ತಿರ, ತಿಕ್ಕುವವರ ಮೂಗು ಇರುವುದು ನೆಲದ ಹತ್ತಿರ. ಅಂಥ ಹೊತ್ತಿನಲ್ಲಿ ಅಲ್ಲೇ ನಿಂತು ನೀರು ಸುರಿಯಲು ಹೋಗಬೇಡಿ. ಬಾಗಿಲು ತೆರೆದಿಟ್ಟು ಹೊರಗೆ ಬನ್ನಿ, ತೆರೆದ ಗಾಳಿಯಲ್ಲಿ ನಿಲ್ಲಿ, ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ನನಗೆ ಹಬ್ಬದ ಮೂರು ದಿನವೂ ದನಿ ಹೊರಡಲಿಲ್ಲ. ಮನೆಯವರಿಗೆ ಅದು ಹಬ್ಬದ ವಿಶೇಷವಾಗಿತ್ತು.

ಇನ್ನು ಎಷ್ಟು ಬೇಕು ಎಂಬ ವಿಚಾರ. ದಿನನಿತ್ಯ ನೆಲ ಒರೆಸುವುದಕ್ಕೆ ನೀರು ಸಾಕು. ಜಿಡ್ಡಾದ ಕಡೆ ಒಂದಿಷ್ಟು ಸಾಬೂನು ನೀರು. ಫಿನಾಯಿಲ್ ವಾಸನೆ ಬಂದರೆ ಮಾತ್ರ ಮನೆ ಶುಚಿ ಎಂಬ ನಂಬಿಕೆ ಆಸ್ಪತ್ರೆಗಳಿಂದ ನಮ್ಮ ಮನೆಗಳಿಗೆ ಬಂದಿತೆಂದು ಕಾಣುತ್ತದೆ; ಕೀಟಾಣು ಸಾಯುವುದಕ್ಕೂ ವಾಸನೆಗೂ ನೇರ ಸಂಬಂಧವಿಲ್ಲ. ಬಿಳಿ ಫಿನಾಯಿಲ್ ಪೈನ್ ಎಣ್ಣೆಯ ಜಾತಿಯದು; ಕಪ್ಪು ಫಿನಾಯಿಲ್ ಕಲ್ಲಿದ್ದಲಿನ ಡಾಂಬರಿನಿಂದ ಬರುವ ಫೀನಾಲ್‌ಗಳದು. ಈ ಎರಡನೆಯದು ಬೆಕ್ಕುಗಳಿಗೆ ವಿಷ, ಏಕೆಂದರೆ ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಅವುಗಳ ಯಕೃತ್ತಿಗೆ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಅಪಾಯ. ಬೆಕ್ಕು ಸಾಕಿದವರು ಅದನ್ನು ಕೊಳ್ಳಲೇಬೇಡಿ. ಪಾಯಿಖಾನೆಯನ್ನು ದಿನ ಬಿಟ್ಟು ದಿನ ಬ್ರಷ್ಷಿನಿಂದ ಸಾಬೂನು ನೀರು ಹಾಕಿ ತಿಕ್ಕಿದರೆ ಕಲೆ ಗಟ್ಟಿಯಾಗುವುದೇ ಇಲ್ಲ, ಗಟ್ಟಿಯಾದರೆ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಬಿಸಿನೀರಿನಲ್ಲಿ ಕರಗಿಸಿ ರಾತ್ರಿ ಸುರಿದಿಟ್ಟು ಬೆಳಿಗ್ಗೆ ತಿಕ್ಕಿ. ಅದೂ ಆಮ್ಲವೇ, ಬ್ಲೀಚಿಂಗ್ ಪುಡಿಯ ಜೊತೆ ಅದನ್ನೂ ಸೇರಿಸುವಂತಿಲ್ಲ.

ಬ್ಲೀಚಿಂಗ್ ಪುಡಿ ಪೂರ್ತಿ ಬೇಡ ಎನ್ನಲಾರೆ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿಯಾದಾಗ ಅದಕ್ಕೆ ಸಾಟಿಯಿಲ್ಲ. ಮೇಲ್ಮೈ ಒರೆಸಲು ಒಂದು ಲೀಟರ್ ನೀರಿಗೆ 3 ಗ್ರಾಂ ಸಾಕು, ವಾಂತಿ ಬಿದ್ದ ಜಾಗಕ್ಕೆ ಸುಮಾರು 15 ಗ್ರಾಂ. ಆಗಲೇ ಕಲಸಿ ಆ ದಿನವೇ ಮುಗಿಸಬೇಕು. ಬಾಯಿ ತೆರೆದಿಟ್ಟ ಪುಡಿ ನಮ್ಮ ಮಳೆಗಾಲದ ತೇವಕ್ಕೆ ಬೇಗನೆ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ದೊಡ್ಡ ಚೀಲ ತಂದಿಡಬೇಡಿ. ಸೆಪ್ಟಿಕ್ ಟ್ಯಾಂಕ್ ಇರುವವರು ಇನ್ನೊಂದನ್ನೂ ನೆನಪಿಡಬೇಕು: ಆ ಟ್ಯಾಂಕಿನ ಕೆಲಸ ನಡೆಯುವುದು ಬ್ಯಾಕ್ಟೀರಿಯಾಗಳಿಂದ. ಪ್ರತಿದಿನ ಆಸಿಡ್ಡೂ ಬ್ಲೀಚೂ ಕುಡಿಸಿದರೆ ಅವು ಸತ್ತು ಟ್ಯಾಂಕ್ ಬೇಗ ತುಂಬುತ್ತದೆ, ಆಮೇಲೆ ಲಾರಿಗೆ ಫೋನು ಮಾಡಬೇಕಾಗುತ್ತದೆ.

ಪ್ರಶ್ನೆ: ಕಿತ್ತಳೆ ಸಿಪ್ಪೆಯ ಬಯೋ ಎಂಜೈಮ್, ಅಡುಗೆ ಸೋಡಾ ಮತ್ತು ವಿನಿಗರ್ ಮಿಶ್ರಣ, ಅಂಟುವಾಳದ ನೀರು ಎಲ್ಲವನ್ನೂ ಮೊಬೈಲಿನಲ್ಲಿ ನೋಡಿ ಮಾಡಿದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಯಾವುದೂ ನೊರೆ ಬರಲಿಲ್ಲ. ಬಟ್ಟೆ ಒಗೆದ ನೀರು ತೆಂಗಿನ ಮರಗಳಿಗೆ ಹೋಗುವುದರಿಂದ ಡಿಟರ್ಜೆಂಟ್ ಬಿಡಬೇಕೆಂದಿದ್ದೇನೆ. (ಅರಸೀಕೆರೆ ಕಡೆಯ ರೈತರೊಬ್ಬರು)

ಉತ್ತರ: ಮೊದಲು ಸೋಡಾ ಮತ್ತು ವಿನಿಗರ್ ಕಥೆ ಮುಗಿಸಿಬಿಡೋಣ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಸೇರಿದಾಗ ಬುಸುಬುಸು ಎಂದು ಬರುವುದು ಇಂಗಾಲದ ಡಯಾಕ್ಸೈಡ್, ಉಳಿಯುವುದು ಸ್ವಲ್ಪ ಸೋಡಿಯಂ ಅಸಿಟೇಟ್ ಬೆರೆತ ನೀರು. ಬೇರೆಬೇರೆಯಾಗಿ ಬಳಸಿದರೆ ಎರಡಕ್ಕೂ ಕೆಲಸವಿದೆ, ಸೇರಿಸಿದರೆ ಒಂದನ್ನೊಂದು ತಿಂದುಹಾಕುತ್ತವೆ. ನೋಡಲು ಚೆಂದವೆಂದು ವಿಡಿಯೊ ಮಾಡುತ್ತಾರೆ, ಅಷ್ಟೇ.

ಬಯೋ ಎಂಜೈಮ್ ಎಂದರೆ 1 ಪಾಲು ಬೆಲ್ಲ, 3 ಪಾಲು ಹಣ್ಣಿನ ಸಿಪ್ಪೆ, 10 ಪಾಲು ನೀರು ಸೇರಿಸಿ ಮೂರು ತಿಂಗಳು ಹುಳಿಯಲು ಬಿಟ್ಟದ್ದು. ಕೊನೆಗೆ ಸಿಗುವುದು ಮುಖ್ಯವಾಗಿ ಸಿಪ್ಪೆಯ ಸುವಾಸನೆಯಿರುವ ತೆಳು ವಿನಿಗರ್. ನಿಮ್ಮ ನಲ್ಲಿಯ ಬಾಯಿಗೆ, ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಸುಣ್ಣದ ಪದರವನ್ನು ಅದು ಚೆನ್ನಾಗಿ ಬಿಡಿಸುತ್ತದೆ. ಆದ್ದರಿಂದ ಗಡಸು ನೀರಿನ ಊರಿನಲ್ಲಿ ಮಾಡಿಟ್ಟುಕೊಳ್ಳಲು ಯೋಗ್ಯ. ಬಟ್ಟೆಯ ಜಿಡ್ಡು ತೆಗೆಯಲು, ಕೀಟಾಣು ಕೊಲ್ಲಲು ಅದನ್ನು ನಂಬಿ ಕೂರಬೇಡಿ. ಹಳೆಯ ಮನೆಯ ಕೆಂಪು ಗಾರೆ ನೆಲಕ್ಕೂ ಕಡಪ ಕಲ್ಲಿಗೂ ಹಾಕಬೇಡಿ, ಹುಳಿ ಅವುಗಳ ಹೊಳಪನ್ನು ತಿನ್ನುತ್ತದೆ. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು, ಗಾಜಿನ ಸೀಸೆಯಂತೂ ಕೂಡದು, ಸಿಡಿದೀತು.

ನೊರೆ ಬರಲಿಲ್ಲ ಎಂದಿರಿ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಡನೆ ಸೇರಿ ಬೂದುಬಣ್ಣದ ಗಸಿಯಾಗುತ್ತವೆ, ಬಟ್ಟೆಯ ಮೇಲೆ ಕೂತು ಅದನ್ನು ಮಂಕು ಮಾಡುತ್ತವೆ. ಶೃಂಗೇರಿಯ ಹಳ್ಳದ ಮೆದು ನೀರಿನಲ್ಲಿ ಒಗೆಯುವವರು ಕೊಟ್ಟ ಅಳತೆ ಅರಸೀಕೆರೆಯಲ್ಲಿ ನಡೆಯದಿರುವುದಕ್ಕೆ ಇದೇ ಕಾರಣ. ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಅಂಶ ಹೀಗೆ ಗಸಿ ಕಟ್ಟುವುದಿಲ್ಲ, ನೊರೆ ತೆಳ್ಳಗಿದ್ದರೂ ಕೊಳೆ ಬಿಡುತ್ತದೆ. ಎಂಟು ಹತ್ತು ಕಾಯಿಗಳ ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ ಕಿವುಚಿ ಸೋಸಿ. ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ, ಹುಳಿ ಬರುತ್ತದೆ. ಮಣ್ಣು ಮೆತ್ತಿದ ತೋಟದ ಬಟ್ಟೆಗೆ ಇದು ಸಾಲದು. ಅಂಥವನ್ನು ಬಕೆಟ್ ನೀರಿಗೆ ಒಂದು ಚಮಚ ಬಟ್ಟೆ ಸೋಡಾ ಹಾಕಿ ನೆನೆಸಿಟ್ಟು ಆಮೇಲೆ ಬಾರ್ ಸೋಪು ಹಚ್ಚಿ ಒಗೆಯಿರಿ. ಸೋಡಾ ಮೊದಲೇ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಸೋಪು ಪೋಲಾಗುವುದಿಲ್ಲ. ಅಗಸರು ಚೌಳುಮಣ್ಣು ಬಳಸುತ್ತಿದ್ದದ್ದರ ಹಿಂದಿನ ಲೆಕ್ಕವೂ ಇದೇ. ರೇಷ್ಮೆಗೆ, ಉಣ್ಣೆಗೆ ಮಾತ್ರ ಸೋಡಾ ತಾಗಿಸಬೇಡಿ.

ತೆಂಗಿನ ವಿಚಾರಕ್ಕೆ ಬಂದರೆ, ಡಿಟರ್ಜೆಂಟಿನಲ್ಲಿರುವಂತೆ ಬಟ್ಟೆ ಸೋಡಾದಲ್ಲಿಯೂ ಸೋಡಿಯಂ ಇದೆ. ಸೋಡಿಯಂ ಕೂಡಿಕೊಂಡ ಮಣ್ಣು ಮಳೆ ಬಿದ್ದಾಗ ಕೆಸರಾಗಿ, ಒಣಗಿದಾಗ ಹೆಂಟೆಗಟ್ಟಿ ನೀರು ಇಂಗಗೊಡುವುದಿಲ್ಲ. ಆದ್ದರಿಂದ ಯಾವ ವಸ್ತುವನ್ನೇ ಬಳಸಿ, ಅರ್ಧ ಅಳತೆಯಿಂದ ಆರಂಭಿಸಿ. ಒಗೆದ ಮೊದಲ ನೀರನ್ನು ಬೇರೆ ಇಂಗುಗುಂಡಿಗೆ ಬಿಟ್ಟು ಜಾಲಿಸಿದ ನೀರನ್ನು ಮಾತ್ರ ಮರಗಳಿಗೆ, ಅದೂ ಒಂದೇ ಮರಕ್ಕಲ್ಲದೆ ಸರದಿಯಂತೆ ತಿರುಗಿಸಿ. ಅಂಟುವಾಳದ ನೀರನ್ನು ಮೀನಿರುವ ಹೊಂಡಕ್ಕೆ ಬಿಡಬಾರದು. ಸಪೋನಿನ್ ಕಿವಿರುಗಳಿಗೆ ವಿಷ, ಹಿಂದೆ ಮೀನು ಹಿಡಿಯಲು ಇಂಥ ಕಾಯಿಗಳನ್ನೇ ಅರೆದು ಹಾಕುತ್ತಿದ್ದರು. ಗಿಡದಿಂದ ಬಂದದ್ದೆಲ್ಲ ಸಾಧುವೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಪ್ರಶ್ನೆ: ಮಗಳು ಬಾಣಂತನಕ್ಕೆ ಬರುತ್ತಾಳೆ. ಟ್ರಂಕಿನಲ್ಲಿ ನುಸಿ ಗುಳಿಗೆ ಹಾಕಿಟ್ಟ ಹಳೆಯ ಹತ್ತಿ ಸೀರೆ, ಕಂಬಳಿಗಳನ್ನು ಮಗುವಿಗೆ ಬಳಸಬಹುದೇ? ಸಾಂಬ್ರಾಣಿ ಹೊಗೆ ಹಾಕಬಹುದೇ? (ಕೊಪ್ಪದ ಓದುಗರೊಬ್ಬರು)

ಉತ್ತರ: ಹಳೆಯ ಹತ್ತಿ ಸೀರೆಯಷ್ಟು ಮೆತ್ತನೆಯದು ಮಗುವಿಗೆ ಬೇರೆ ಸಿಗದು, ಆದರೆ ಟ್ರಂಕಿನಿಂದ ತೆಗೆದದ್ದನ್ನು ನೇರವಾಗಿ ಸುತ್ತಬೇಡಿ. ಬಿಳಿ ಗುಳಿಗೆಯಲ್ಲಿರುವ ನ್ಯಾಫ್ತಲಿನ್ ಘನಸ್ಥಿತಿಯಿಂದಲೇ ಆವಿಯಾಗಿ ಬಟ್ಟೆಯ ನೂಲಿನೊಳಗೆ ಸೇರುತ್ತದೆ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಗುವಿನಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು, ಅಂಥ ಕೊರತೆ ಇದೆಯೋ ಇಲ್ಲವೋ ನಮಗೆ ಮೊದಲೇ ಗೊತ್ತಿರುವುದಿಲ್ಲ. ಮಗುವಿನ ಮೈಗೆ ಎಣ್ಣೆ ಹಚ್ಚಿದ್ದರೆ ಅದು ಚರ್ಮದ ಮೂಲಕ ಇನ್ನೂ ಸುಲಭವಾಗಿ ಒಳಹೋಗುತ್ತದೆ. ನಮ್ಮಲ್ಲಿ ಎಣ್ಣೆ ಹಚ್ಚದೆ ಮಗುವಿಗೆ ನೀರು ಹಾಕುವವರೇ ಇಲ್ಲವಲ್ಲ. ಆದ್ದರಿಂದ ಮಗಳು ಬರುವುದಕ್ಕೆ ಒಂದು ತಿಂಗಳ ಮುಂಚೆಯೇ ಎಲ್ಲವನ್ನೂ ಹೊರತೆಗೆದು ಹಲವು ದಿನ ಗಾಳಿ ಬಿಸಿಲಿಗೆ ಹಾಕಿ, ಆಮೇಲೆ ಬಿಸಿನೀರಿನಲ್ಲಿ ಒಗೆದು ಮತ್ತೆ ಬಿಸಿಲಿಗೆ ಹಾಕಿ. ಮೂಗಿಗೆ ಹಿಡಿದಾಗ ವಾಸನೆಯ ಸುಳಿವಿದ್ದರೂ ಆ ಬಟ್ಟೆಯನ್ನು ದೊಡ್ಡವರೇ ಬಳಸಿ. ನುಸಿ ಗುಳಿಗೆಯ ಟ್ರಂಕನ್ನು ಆ ಕೋಣೆಯಿಂದ ಬೇರೆಡೆಗೆ ಸಾಗಿಸಿ.

ಮುಂದಕ್ಕೆ ಗುಳಿಗೆಯ ಬದಲು ಲಾವಂಚದ ಬೇರು, ಲವಂಗ, ಒಣಗಿದ ಬಜೆ ತುಂಡುಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿಡಬಹುದು. ಅವು ನುಸಿಯನ್ನು ದೂರವಿಡುತ್ತವೆಯೇ ಹೊರತು ಬಟ್ಟೆಯಲ್ಲಿ ಈಗಾಗಲೇ ಇರುವ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಹಾಗಾಗಿ ಒಗೆದು ಚೆನ್ನಾಗಿ ಒಣಗಿಸಿ ಇಡುವುದೇ ಮುಖ್ಯ. ಮಳೆಗಾಲದ ಬೂಷ್ಟಿಗಂತೂ ಯಾವ ಗುಳಿಗೆಯೂ ಮದ್ದಲ್ಲ. ಕಪಾಟಿನ ಮೂಲೆಯಲ್ಲಿ ಒಂದು ಡಬ್ಬಿ ಇದ್ದಿಲು ಇಟ್ಟು, ಬಿಸಿಲು ಕಂಡ ದಿನ ಬಾಗಿಲು ತೆರೆದಿಡಿ. ಬಜೆಯನ್ನು ಮಗುವಿಗೆ ತೇಯ್ದು ನೆಕ್ಕಿಸುವ ರೂಢಿ ನಿಮ್ಮ ಕಡೆಯೂ ಇದ್ದೀತು. ಅದರಲ್ಲಿರುವ ಅಸರೋನ್ ಎಂಬ ಅಂಶದ ಕಾರಣ ಅಮೆರಿಕದಲ್ಲಿ ಬಜೆಯನ್ನು 1968ರಲ್ಲಿಯೇ ಆಹಾರದಿಂದ ಹೊರಗಿಟ್ಟರು. ಬಟ್ಟೆಗಿರಲಿ, ಬಾಯಿಗೆ ಬೇಡ.

ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಕೆಂಡ ಇವುಗಳ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಲೆಯ ಹೊಗೆಯಷ್ಟೇ ಕೆಟ್ಟದ್ದು, ಬಾಗಿಲು ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಇನ್ನೂ ಕೆಟ್ಟದ್ದು. ಹಿರಿಯರ ಮನಸ್ಸಿಗೆ ನೋವಾಗಬಾರದೆಂದಿದ್ದರೆ ತಾಯಿ ಮಗು ಪಕ್ಕದ ಕೋಣೆಯಲ್ಲಿರುವಾಗ ತಲೆಬಟ್ಟೆಗೆ ಹಾಕಿ, ಹೊಗೆ ಪೂರ್ತಿ ಹೋದ ಮೇಲೆ ಒಳಗೆ ಕರೆತನ್ನಿ.

ಪ್ರಶ್ನೆ: ಆಲೂಗೆಡ್ಡೆಗೆ ಔಷಧಿ ಹೊಡೆದು ಉಳಿದ ಐದು ಲೀಟರಿನ ಕ್ಯಾನುಗಳು ಗಟ್ಟಿಯಾಗಿವೆ. ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟು ಎಣ್ಣೆ ತರಲು, ನೀರಿಗೆ ಬಳಸಬಹುದೇ? ಹಸಿರು ತ್ರಿಕೋನದ ಗುರುತಿದೆ. (ಹಾಸನ ತಾಲ್ಲೂಕಿನ ರೈತರೊಬ್ಬರು)

ಉತ್ತರ: ಯಾವ ಕಾರಣಕ್ಕೂ ಬೇಡ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು; ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇತ್ತು, ಆ ಎಣ್ಣೆಯನ್ನು ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಇಟ್ಟಿದ್ದರೆಂದು ಹೇಳಲಾಯಿತು. ಕೀಟನಾಶಕ ಪ್ಲಾಸ್ಟಿಕ್ಕಿನ ಮೈಯೊಳಗೇ ಇಳಿದಿರುತ್ತದೆ, ಸೋಪಿಗೂ ಬಿಸಿಲಿಗೂ ಬಾರದ ಅದು ಎಣ್ಣೆ ಸುರಿದಾಗ ನಿಧಾನವಾಗಿ ಎಣ್ಣೆಗೆ ಬರುತ್ತದೆ. ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ತ್ರಿಕೋನಗಳು ವಿಷದ ತೀವ್ರತೆಯ ಇಳಿಕೆಯ ಕ್ರಮ. ಸಸ್ಯಾಹಾರದ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯಂತೆ ಅದನ್ನು ಓದಿಕೊಂಡವರು ನೀವೊಬ್ಬರೇ ಅಲ್ಲ. ಔಷಧಿ ಕಲಸುವ ದಿನವೇ ಖಾಲಿ ಕ್ಯಾನನ್ನು ಮೂರು ಸಲ ನೀರಿನಿಂದ ಕುಲುಕಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸೇರಿಸಿ, ಅದು ಹೊಲದಲ್ಲಿಯೇ ಮುಗಿಯಲಿ. ಆಮೇಲೆ ಕ್ಯಾನಿನ ತಳಕ್ಕೆ ಕುಡುಗೋಲಿನಿಂದ ನಾಲ್ಕು ತೂತು ಮಾಡಿಬಿಡಿ. ಗಟ್ಟಿ ಡಬ್ಬಿ ಹಾಳಾಯಿತೆಂದು ಮನೆಯಲ್ಲಿ ಯಾರಾದರೂ ಬೈದರೆ ಬೈಯಲಿ. ತೂತಾದ ಡಬ್ಬಿಯನ್ನು ಯಾರೂ ಎತ್ತಿಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ನಾನ್‌ಸ್ಟಿಕ್ ಕಾವಲಿ ಗೀರು ಬಿದ್ದಿದೆ. ಬಿಸಾಡಬೇಕೇ? (ಚಿಕ್ಕಮಗಳೂರಿನ ಓದುಗರೊಬ್ಬರು)

ಉತ್ತರ: ಬಿಸಾಡಿ. ಗೀರಿನಿಂದ ಎದ್ದ ಚೂರು ಹೊಟ್ಟೆಗೆ ಹೋದರೆ ಹಾಗೆಯೇ ಹೊರಬರುತ್ತದೆ, ಅದಕ್ಕೆ ಗಾಬರಿ ಬೇಡ. ಖಾಲಿ ಕಾವಲಿಯನ್ನು ದೊಡ್ಡ ಉರಿಯ ಮೇಲೆ ಮರೆತಾಗ 260 ಡಿಗ್ರಿ ದಾಟಿ ಆ ಲೇಪ ಒಡೆಯತೊಡಗುವುದೇ ಅಪಾಯ. ಪಂಜರದ ಗಿಳಿಗಳು ಆ ಹೊಗೆಗೆ ಸತ್ತಿರುವುದುಂಟು. ಸಂತೆಯಲ್ಲಿ ಕಬ್ಬಿಣದ ಕಾವಲಿ ಸಿಗುತ್ತದೆ. ಒಂದು ವಾರ ದಿನವೂ ಎಣ್ಣೆ ಸವರಿ ಕಾಯಿಸಿ, ಅರ್ಧ ಈರುಳ್ಳಿಯಿಂದ ಉಜ್ಜಿ ಪಳಗಿಸಿದರೆ ಎಂಟನೆಯ ದಿನ ದೋಸೆ ಏಳುತ್ತದೆ. ಮೊದಲ ನಾಲ್ಕು ದೋಸೆ ಮನೆಯ ನಾಯಿಗೆಂದು ಮೊದಲೇ ಮನಸ್ಸು ಮಾಡಿಕೊಳ್ಳಿ.

ಪ್ರಶ್ನೆ: ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ದ್ರವ ಇವೆರಡರಲ್ಲಿ ಯಾವುದು ವಾಸಿ? (ಸಕಲೇಶಪುರದ ಓದುಗರೊಬ್ಬರು)

ಉತ್ತರ: ಎರಡರಲ್ಲಿಯೂ ಇರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ಬತ್ತಿಯಲ್ಲಿ ಅದರ ಜೊತೆಗೆ ಹೊಗೆಯೂ ಉಂಟು. ಒಂದು ಬತ್ತಿ ಉರಿದು ಮುಗಿಯುವಾಗ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳು ಬಿಡುವಷ್ಟಿರುತ್ತವೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಮುಚ್ಚಿದ ಕೋಣೆಯಲ್ಲಿ ಬತ್ತಿ ಬೇಡವೇ ಬೇಡ. ದ್ರವವನ್ನು ಬಳಸುವುದಾದರೆ ಸಂಜೆ ಒಂದೆರಡು ಗಂಟೆ ಹಚ್ಚಿಟ್ಟು, ಮಲಗುವ ಮುನ್ನ ಆರಿಸಿ, ಕಿಟಕಿ ಸ್ವಲ್ಪ ತೆರೆದು ಪರದೆಯೊಳಗೆ ಮಲಗಿ. ಸೊಳ್ಳೆ ಹುಟ್ಟುವ ಜಾಗವನ್ನು ಮನೆಯ ಸುತ್ತ ಹುಡುಕಿದರೆ ಇದಕ್ಕಿಂತ ಹೆಚ್ಚು ಫಲವುಂಟು. ಡೆಂಗಿ ಹರಡುವ ಸೊಳ್ಳೆಗೆ ಒಂದು ಅಂಗೈ ನೀರು ಸಾಕು, ಒಂದು ವಾರದಿಂದ ಹತ್ತು ದಿನದೊಳಗೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ದೋಣಿಯಂತೆ ಮಳೆನೀರು ಹಿಡಿದಿಟ್ಟುಕೊಳ್ಳುತ್ತದೆ, ಕರಟ, ರಬ್ಬರ್ ಹಾಲಿನ ಬಟ್ಟಲು, ಬಕೆಟ್ ಮುಚ್ಚಳ ಎಲ್ಲವೂ ಹಾಗೆಯೇ. ಭಾನುವಾರಕ್ಕೊಮ್ಮೆ ಅವನ್ನು ಕವುಚಿ ಹಾಕುತ್ತಾ ಬಂದರೆ ಬತ್ತಿಯ ಖರ್ಚು ಉಳಿಯುತ್ತದೆ.

ಪ್ರಶ್ನೆ: ಅಜ್ಜನ ಕಾಲದ ಮನೆಯ ಬಾಗಿಲು, ಕಿಟಕಿ ಸರಳುಗಳ ಬಣ್ಣ ಕೆರೆದು ಹೊಸದಾಗಿ ಬಳಿಯಬೇಕೆಂದಿದ್ದೇವೆ. ಮಕ್ಕಳಿದ್ದಾರೆ. (ಬೇಲೂರು ಕಡೆಯ ಓದುಗರೊಬ್ಬರು)

ಉತ್ತರ: ಹಳೆಯ ಎಣ್ಣೆಬಣ್ಣದಲ್ಲಿ, ಮುಖ್ಯವಾಗಿ ಹಳದಿ, ಹಸಿರು, ಕೆಂಪು ಬಣ್ಣಗಳಲ್ಲಿ ಮತ್ತು ಕಬ್ಬಿಣಕ್ಕೆ ಬಳಿದ ಕೆಂಪು ತಳಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಹೊಸ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಸೀಸದ ಪುಡಿ ಮಕ್ಕಳ ಕೈಯಿಂದ ಬಾಯಿಗೆ ಹೋಗಿ ಮೆದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ, ಇಷ್ಟು ಹೋದರೆ ತೊಂದರೆಯಿಲ್ಲ ಎನ್ನುವ ಮಿತಿ ಅದಕ್ಕಿಲ್ಲ. ಬಣ್ಣ ಎಲ್ಲಿಯೂ ಎದ್ದಿಲ್ಲವಾದರೆ ಕೆರೆಯದೆ ಮೇಲೆ ಬಳಿಯುವುದೇ ಕ್ಷೇಮ. ಕೆರೆಯಲೇಬೇಕಾದರೆ ಒಣಗಿದ್ದಾಗ ಯಂತ್ರದಿಂದ ಉಜ್ಜಿಸಬೇಡಿ, ಬೆಂಕಿಯಿಂದ ಸುಡಿಸಲೂ ಬೇಡಿ. ನೀರು ಚಿಮುಕಿಸಿ ನೀರು ಕಾಗದದಿಂದ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಉಜ್ಜಿಸಿ, ಕೆಳಗೆ ಹಾಸಿದ ಟಾರ್ಪಾಲಿನ ಸಮೇತ ಚೂರುಗಳನ್ನು ಮಡಚಿ ಕಟ್ಟಿ, ಆ ವಾರ ಮಕ್ಕಳನ್ನು ಅಜ್ಜಿಮನೆಗೆ ಕಳುಹಿಸಿ. ಗುಡಿಸುವುದು ಬೇಡ, ಒದ್ದೆ ಬಟ್ಟೆಯಿಂದ ಒರೆಸಿ.

ಪ್ರಶ್ನೆ: ನಿಮ್ಮ ಅಂಕಣ ಓದುತ್ತಾ ಬಂದ ಮೇಲೆ ಮನೆಯಲ್ಲಿರುವ ಎಲ್ಲ ಸೀಸೆಗಳನ್ನೂ ಒಂದೇ ದಿನ ಚರಂಡಿಗೆ ಸುರಿದುಬಿಡೋಣವೆನ್ನಿಸುತ್ತಿದೆ. (ಕಡೂರಿನ ಓದುಗರೊಬ್ಬರು)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಒಂದು ವರ್ಷದಲ್ಲಿ ಚೂರು ಚೂರಾಗಿ ಹೋಗಬೇಕಾದದ್ದು ಒಂದೇ ದಿನ ಕೆರೆಗೆ ಹೋಗುತ್ತದೆ, ಚರಂಡಿಯಲ್ಲಿ ಆಸಿಡ್ಡೂ ಬ್ಲೀಚೂ ಸೇರಿದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇನೆ. ಉಳಿದಿರುವುದನ್ನು ಮುಚ್ಚಳ ಬಿಗಿದು, ಅದರದೇ ಸೀಸೆಯಲ್ಲಿ, ಅದರದೇ ಚೀಟಿಯೊಡನೆ, ಮಕ್ಕಳ ಕೈಗೆಟುಕದ ಎತ್ತರದಲ್ಲಿಡಿ. ತಂಪುಪಾನೀಯದ ಬಾಟಲಿಗೆ ಆಸಿಡ್ಡನ್ನೋ ಸೀಮೆಎಣ್ಣೆಯನ್ನೋ ತುಂಬಿಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಆಕಸ್ಮಾತ್ ಯಾರಾದರೂ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ, ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ನುಗ್ಗುತ್ತದೆ. 108ಕ್ಕೆ ಕರೆ ಮಾಡಿ, ಸೀಸೆಯನ್ನೂ ಜೊತೆಗೆ ಒಯ್ಯಿರಿ, ವೈದ್ಯರು ಅದನ್ನೇ ಮೊದಲು ಕೇಳುತ್ತಾರೆ. ಮಿಕ್ಕಂತೆ ಇರುವುದನ್ನು ಅಳತೆ ತಗ್ಗಿಸಿ ನಿಧಾನವಾಗಿ ಮುಗಿಸಿ, ಮುಗಿದ ಮೇಲೆ ಮತ್ತೆ ಕೊಳ್ಳಬೇಡಿ. ನನ್ನ ಬಚ್ಚಲ ಮೇಲಿನ ಹಲಗೆಯಲ್ಲಿ ಆ ಗೌರಿ ಹಬ್ಬದ ಆಸಿಡ್ ಸೀಸೆ ಇನ್ನೂ ಕಾಲು ಭಾಗ ಹಾಗೆಯೇ ಇದೆ.